ಮೊದಲ ಪುಸ್ತಕ: ಸಹಿ ಹಾಕುವ ಮುನ್ನ ಹೊಡೆದು ಹಾಕಬೇಕಾದ ಒಂದು ಸಾಲು

ಬರಹಗಾರರು ವಕೀಲರ ಹತ್ತಿರ ಬರುವುದು ಯಾವಾಗಲೂ ತಡವಾಗಿ. ಪುಸ್ತಕ ಬಿಡುಗಡೆಯಾಗಿ, ಶಾಲು ಹೊದಿಸಿಕೊಂಡು, ಪತ್ರಿಕೆಯಲ್ಲಿ ಫೋಟೊ ಬಂದು, ಎರಡನೇ ಮುದ್ರಣದ ಸುದ್ದಿಯನ್ನು ಬೇರೆ ಯಾರದೋ ಬಾಯಿಂದ ಕೇಳಿದ ಮೇಲೆ ಬರುತ್ತಾರೆ. ಗದಗ-ಬೆಟಗೇರಿಯ ಅತಿಥಿ ಉಪನ್ಯಾಸಕರು, ಲಕ್ಷ್ಮೇಶ್ವರದ ಕಥೆಗಾರ್ತಿಯರು, ಶಿರಹಟ್ಟಿಯ ನಿವೃತ್ತ ಮಾಸ್ತರರು, ಮುಂಡರಗಿ ಕಡೆ ಜಾತ್ರೆಗೆ ಸಾಮಾಜಿಕ ನಾಟಕ ಬರೆದುಕೊಡುವ ರೈತರು, ಎಲ್ಲರ ಕೈಯಲ್ಲೂ ಬಾಂಡ್ ಪೇಪರಿನದೊಂದು ಜೆರಾಕ್ಸ್ ಇರುತ್ತದೆ. “ವಕೀಲ್ರ, ಬರದಾಂವ ನಾನಽ ಖರೆ. ಆದ್ರ ಪುಸ್ತಕ ನಂದಲ್ಲಂತಾರ್ರೀ.”

ಜೆರಾಕ್ಸ್ ಓದಿದರೆ ಪ್ರತಿ ಸಲವೂ ಸಿಗುವುದು ಅದೇ ಸಾಲು: ‘ಸದರಿ ಕೃತಿಯ ಸರ್ವ ಹಕ್ಕುಗಳನ್ನು ಶಾಶ್ವತವಾಗಿ ಪ್ರಕಾಶಕರಿಗೆ ಬಿಟ್ಟುಕೊಟ್ಟಿರುತ್ತೇನೆ.’ ಕೆಳಗೆ ಸಹಿ. ಪ್ರತಿಫಲದ ಜಾಗದಲ್ಲಿ ಇಪ್ಪತ್ತೈದು ಗೌರವ ಪ್ರತಿ. ಕೆಲವು ಬಾಂಡುಗಳಲ್ಲಿ ಇನ್ನೂ ವಿಚಿತ್ರ: ಮುದ್ರಣದ ಖರ್ಚೂ ಬರೆದವರದ್ದೇ, ಹಕ್ಕು ಮಾತ್ರ ಅವರದ್ದಲ್ಲ.

ಈ ಲೇಖನ ಆ ಒಂದು ಸಾಲಿನ ಬಗ್ಗೆ. ಉಳಿದ ವಿಷಯ ಬಂದು ಹೋಗುತ್ತವೆ.

ಮೊದಲು ದುಡ್ಡಿನ ಮಾತು

ಮೊದಲ ಪುಸ್ತಕ ಹೊಟ್ಟೆ ತುಂಬಿಸುವುದಿಲ್ಲ. ಮುಖಬೆಲೆ ₹150, ರಾಯಲ್ಟಿ ಶೇ 10, ಮಾರಾಟವಾದದ್ದು 500 ಪ್ರತಿ ಎಂದು ಹಿಡಿಯಿರಿ. ಬರುವುದು ₹7,500. ನೌಕರಿ ಬಿಟ್ಟು ಬರೆಯಲು ಕೂರುತ್ತೇನೆ ಎನ್ನುವವರಿಗೆ ನಮ್ಮ ಸೀಮೆಯ ಹಿರಿಯರನ್ನೇ ತೋರಿಸುತ್ತೇನೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಕನ್ನಡ ನಾಡಿನ ಗೀತೆ ಬರೆದ ಗದುಗಿನ ಹುಯಿಲಗೋಳ ನಾರಾಯಣರಾಯರ ಕಸುಬು ವಕೀಲಿ. ಹೊಂಬಳದ ಚೆನ್ನವೀರ ಕಣವಿಯವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ನೌಕರಿ ಮಾಡುತ್ತಲೇ ಕವಿಯಾದರು. ಅದೇ ಹೊಂಬಳದ ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ, 1961ರಲ್ಲಿ ಗಿರೀಶ ಕಾರ್ನಾಡರೆಂಬ ಹೊಸಬರ ಮೊದಲ ನಾಟಕ ‘ಯಯಾತಿ’ಯನ್ನು ಹೊರತಂದಿತು. ಆ ಕಾರ್ನಾಡರೂ ಮುಂದೆ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ವರ್ಷಗಟ್ಟಲೆ ದುಡಿದವರೇ.

ಹಾಗಾದರೆ ಹಕ್ಕಿಗಾಗಿ ಯಾಕಿಷ್ಟು ಗುದ್ದಾಟ? ಬರಹದ ಗಳಿಕೆ ಮೊದಲ ಮುದ್ರಣದಲ್ಲಿ ಇರುವುದಿಲ್ಲ. ಐದನೇ ಮುದ್ರಣ, ಪಠ್ಯಕ್ಕೆ ಆಯ್ಕೆ, ಅನುವಾದ, ಧಾರಾವಾಹಿ, ಆಡಿಯೋ ಪುಸ್ತಕ, ಇವುಗಳಲ್ಲಿ ಇರುತ್ತದೆ. ಮೂರನೇ ಪುಸ್ತಕಕ್ಕೆ ಹೆಸರು ಬಂದಾಗ ಓದುಗರು ಮೊದಲನೆಯದನ್ನು ಹುಡುಕುತ್ತಾರೆ. ಆಗ ಅದು ಯಾರದ್ದು ಎಂಬುದು ಪ್ರಶ್ನೆ.

‘ಶಾಶ್ವತ’ ಎಂದರೆ ಎಷ್ಟು ವರ್ಷ?

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರ ಜೀವಮಾನ, ಅವರು ತೀರಿದ ಮರುವರ್ಷದಿಂದ ಮತ್ತೆ 60 ವರ್ಷ. ಹುಯಿಲಗೋಳರು ತೀರಿಕೊಂಡದ್ದು 1971ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳ ಸ್ವಾಮ್ಯ 2031ರ ಡಿಸೆಂಬರ್ ಮುಗಿಯುವವರೆಗೆ ಇರುತ್ತದೆ. ನಿಮ್ಮ ಲೆಕ್ಕ ನೀವೇ ಹಾಕಿ. ಮೂವತ್ತಕ್ಕೆ ಸಹಿ ಮಾಡಿ ಎಪ್ಪತ್ತೈದಕ್ಕೆ ಕಣ್ಣು ಮುಚ್ಚಿದರೆ ಒಟ್ಟು 105 ವರ್ಷದ ಹಕ್ಕು. ಅದನ್ನು ಇಪ್ಪತ್ತೈದು ಪ್ರತಿಗೆ ಕೊಟ್ಟಿರಿ. ಹೊಲವನ್ನು ಒಂದು ಬೆಳೆಗೆ ಲಾವಣಿ ಹಾಕುವುದು ಬೇರೆ, ಖರೀದಿ ಪತ್ರ ಮಾಡಿಕೊಡುವುದು ಬೇರೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಪುಸ್ತಕದ ವಿಷಯದಲ್ಲಿ ಮಾತ್ರ ಲಾವಣಿ ಎಂದುಕೊಂಡು ಖರೀದಿ ಪತ್ರಕ್ಕೆ ಸಹಿ ಹಾಕುತ್ತೇವೆ.

ಆ ಸಾಲಿನ ಬದಲು ಬರೆಸಬೇಕಾದದ್ದು ಇಷ್ಟು:

‘ಕೃತಿಯ ಹಕ್ಕು ಲೇಖಕರಲ್ಲೇ ಉಳಿದಿರುತ್ತದೆ. ಕನ್ನಡದಲ್ಲಿ ಮುದ್ರಿತ ಪುಸ್ತಕವಾಗಿ ಮಾತ್ರ, ಒಂದು ಮುದ್ರಣ, ಗರಿಷ್ಠ 1,000 ಪ್ರತಿ, ಈ ದಿನದಿಂದ 3 ವರ್ಷದವರೆಗೆ ಪ್ರಕಟಿಸಿ ಮಾರಲು ಅನುಮತಿ ಕೊಟ್ಟಿದ್ದೇನೆ. ರಾಯಲ್ಟಿ ಮುಖಬೆಲೆಯ ಶೇ 10. ಗ್ರಂಥಾಲಯ ಖರೀದಿಯ ಪ್ರತಿಗಳೂ ಲೆಕ್ಕಕ್ಕೆ ಸೇರುತ್ತವೆ. ಪ್ರತಿ ವರ್ಷ ಏಪ್ರಿಲ್ 30ರೊಳಗೆ ಲಿಖಿತ ಲೆಕ್ಕ ಕೊಡತಕ್ಕದ್ದು. ಅನುವಾದ, ಇ-ಪುಸ್ತಕ, ಆಡಿಯೋ, ನಾಟಕ, ಸಿನಿಮಾ, ಧಾರಾವಾಹಿ ಹಕ್ಕುಗಳು ಈ ಕರಾರಿಗೆ ಸೇರಿಲ್ಲ.’

ಶೇಕಡಾ, ವರ್ಷ, ಪ್ರತಿಯ ಸಂಖ್ಯೆ ಚೌಕಾಸಿಗೆ ಬಿಟ್ಟದ್ದು. ಮೊದಲ ವಾಕ್ಯ ಚೌಕಾಸಿಗೆ ಇಲ್ಲ.

ಈಗಾಗಲೇ ಸಹಿ ಮಾಡಿದ್ದರೆ?

ಬಾಂಡ್ ತೆಗೆದು ಓದಿ. ಕಾಯ್ದೆಯ 18 ಮತ್ತು 19ನೇ ಕಲಂ ಬರೆದವರ ಪರ ಇವೆ, ಆದರೆ ಓದುವವರು ಕಡಿಮೆ.

ಒಂದು: ಹಕ್ಕು ಕೊಡುವ ಪತ್ರ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಫೋನಿನಲ್ಲಿ ‘ಆತು, ಹಾಕ್ರಿ’ ಅಂದಿದ್ದರೆ ಹಕ್ಕು ಹೋಗಿಲ್ಲ. ಪುಸ್ತಕದ ಒಳಪುಟದಲ್ಲಿ ‘ಹಕ್ಕು: ಪ್ರಕಾಶಕರದು’ ಎಂದು ಅಚ್ಚಾದ ಮಾತ್ರಕ್ಕೂ ಹೋಗುವುದಿಲ್ಲ. ಆದರೆ ನೋಡಿಯೂ ಸುಮ್ಮನಿರಬೇಡಿ, ಸ್ಪೀಡ್ ಪೋಸ್ಟಿನಲ್ಲಿ ತಕರಾರು ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಾಯಿಮಾತು ಇನ್ನೊಂದು ಕಡೆ ನಿಮಗೇ ತಿರುಗುತ್ತದೆ: ರಾಯಲ್ಟಿ ಶೇ 10 ಎಂದು ಮಾತಾಗಿತ್ತು ಅನ್ನುವುದನ್ನು ಹೇಗೆ ತೋರಿಸುತ್ತೀರಿ? ವಾಟ್ಸ್‌ಆ್ಯಪ್ ಸಂದೇಶ ಅಳಿಸಬೇಡಿ. ಹಳೆ ಮೊಬೈಲ್ ಮಾರಬೇಡಿ. ಆ ಸಂದೇಶವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೆಳಗೆ ಪ್ರಮಾಣಪತ್ರ ಬೇಕಾಗುತ್ತದೆ.

ಎರಡು: ಪತ್ರದಲ್ಲಿ ಅವಧಿ ಬರೆದಿಲ್ಲದಿದ್ದರೆ ಕಾನೂನೇ ಐದು ವರ್ಷ ಎಂದು ಹಿಡಿಯುತ್ತದೆ. ‘ಎಲ್ಲ ಹಕ್ಕು ಕೊಟ್ಟಿದ್ದೇನೆ’ ಎಂದಷ್ಟೇ ಇದ್ದು ವರ್ಷದ ಮಾತಿಲ್ಲದಿದ್ದರೆ ಆರನೇ ವರ್ಷ ಪುಸ್ತಕ ನಿಮ್ಮದು. ‘ಶಾಶ್ವತವಾಗಿ’ ಅಥವಾ ‘ಸ್ವಾಮ್ಯದ ಪೂರ್ಣ ಅವಧಿಗೆ’ ಎಂದು ಇದ್ದರೆ ಈ ಬಾಗಿಲು ಮುಚ್ಚಿದಂತೆ. ಅದಕ್ಕೇ ಆ ಒಂದು ಪದಕ್ಕೆ ನಾನು ಇಷ್ಟು ಹೆದರುವುದು.

ಮೂರು: ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಅಂದರೆ ಹಸ್ತಪ್ರತಿಯನ್ನು ಕಪಾಟಿನಲ್ಲಿ ಇಟ್ಟುಕೊಂಡು ಕುಳಿತರೆ, ಹಕ್ಕು ರದ್ದು. ಇಲ್ಲೂ ಒಂದು ‘ಆದರೆ’: ಕರಾರಿನಲ್ಲಿ ಬೇರೆ ರೀತಿ ಬರೆದಿರಬಾರದು.

ನಾಲ್ಕು: ಸಹಿ ಮಾಡುವಾಗ ಹುಟ್ಟಿರದ ಅಥವಾ ಬಳಕೆಗೆ ಬಂದಿರದ ಮಾಧ್ಯಮದ ಹಕ್ಕು, ಪತ್ರದಲ್ಲಿ ಅದರ ಹೆಸರು ಹೇಳದಿದ್ದರೆ, ಕೊಟ್ಟಂತಲ್ಲ. ಈ ರಕ್ಷಣೆ ಬಂದದ್ದು 2012ರ ತಿದ್ದುಪಡಿಯಿಂದ, ಜಾರಿ ಅದೇ ವರ್ಷದ ಜೂನ್ 21ರಿಂದ.

ಐದು: ಅಪ್ಪ, ಅಜ್ಜ ಮಾಡಿಕೊಟ್ಟ ಹಳೆ ಬಾಂಡ್ ಹಿಡಿದು ಬರುವವರು ಗಮನಿಸಿ. ಐದು ವರ್ಷ, ಒಂದು ವರ್ಷದ ನಿಯಮಗಳು 1995ರ ಮೇ 10ಕ್ಕಿಂತ ಹಿಂದಿನ ಪತ್ರಗಳಿಗೆ ಅನ್ವಯಿಸುವುದಿಲ್ಲ. ಅವನ್ನು ಪ್ರತ್ಯೇಕವಾಗಿಯೇ ಓದಬೇಕು.

ಎಲ್ಲವನ್ನೂ ಬರೆದುಕೊಟ್ಟವರಿಗೂ ಎರಡು ಆಸರೆ ಉಳಿಯುತ್ತವೆ. ಷರತ್ತು ವಿಪರೀತ ಅನ್ಯಾಯದ್ದಾಗಿದ್ದರೆ, ಐದು ವರ್ಷ ಕಳೆದ ಮೇಲೆ, 19ಎ ಕಲಂ ಕೆಳಗೆ ರದ್ದತಿ ಕೇಳಬಹುದು. ದಾರಿ ದೂರ, ಖರ್ಚಿನದು. ಇನ್ನೊಂದು 57ನೇ ಕಲಂ: ಹಕ್ಕು ಮಾರಿದರೂ ‘ಇದನ್ನು ಬರೆದವರು ನಾನು’ ಎನ್ನುವ ಅಧಿಕಾರ ಮಾರಾಟವಾಗುವುದಿಲ್ಲ. ನಿಮ್ಮ ಹೆಸರು ತೆಗೆದರೆ, ಬರಹವನ್ನು ಮರ್ಯಾದೆ ಹೋಗುವಂತೆ ತಿರುಚಿದರೆ ಕೇಸು ಹಾಕಬಹುದು.

ಎಷ್ಟು ಮಾರಾಟವಾಯಿತೆಂದು ತಿಳಿಯುವುದು ಹೇಗೆ?

ಒಳ್ಳೆಯ ಕರಾರು ಇದ್ದವರೂ ಮೋಸ ಹೋಗುವುದು ಇಲ್ಲಿ. “ಎಲ್ಲಿ ಖರ್ಚಾಗ್ತಾವ್ರೀ ಪುಸ್ತಕ, ಗೋದಾಮಿನ್ಯಾಗ ಗೆದ್ದಲ ಹತ್ಯಾವು” ಎಂದು ಪ್ರಕಾಶಕರು ಅಂದರೆ ಮುಗಿಯಿತು. ಆದರೆ ಕನ್ನಡ ಪುಸ್ತಕಕ್ಕೆ ದೊಡ್ಡ ಗಿರಾಕಿ ಸರ್ಕಾರ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಕೊಳ್ಳುತ್ತದೆ. ದುಡ್ಡು ಬರುವುದು ನೀವು ಮನೆ ಕರದ ಜೊತೆ ಕಟ್ಟುವ ಶೇ 6ರ ಗ್ರಂಥಾಲಯ ಕರದಿಂದಲೂ. ಸರ್ಕಾರ ಕೊಂಡದ್ದಕ್ಕೆ ಕಾಗದ ಇರುತ್ತದೆ. ಕಾಗದ ಇದ್ದರೆ ಮಾಹಿತಿ ಹಕ್ಕು ಇದೆ.

ಅರ್ಜಿ ಹೀಗೆ: ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಪುಸ್ತಕದ ಹೆಸರು, ಪ್ರಕಾಶನ, ಐಎಸ್‌ಬಿಎನ್ ಬರೆದು, ‘ಯಾವ ವರ್ಷ, ಎಷ್ಟು ಪ್ರತಿ, ಯಾವ ದರ, ಯಾರಿಗೆ ಎಷ್ಟು ಪಾವತಿ, ಖರೀದಿ ಆದೇಶ ಮತ್ತು ಬಿಲ್ಲಿನ ನಕಲು’ ಎಂದು ಕೇಳಿ. ಶುಲ್ಕ ₹10. ಉತ್ತರಕ್ಕೆ 30 ದಿನ. ಎಚ್ಚರಿಕೆ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಿಮ್ಮ ಸಾಹಿತ್ಯ ಜೀವನದ ಕಥೆಯನ್ನೆಲ್ಲ ಅಲ್ಲಿ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ‘ಇದು ಮೂರನೆಯವರ ವ್ಯಾಪಾರದ ಗುಟ್ಟು’ ಎಂದು ಉತ್ತರ ಬರೆಯುವ ಬುದ್ಧಿವಂತರೂ ಇದ್ದಾರೆ. ಸಾರ್ವಜನಿಕ ಹಣದ ಪಾವತಿ ಯಾರ ಗುಟ್ಟೂ ಅಲ್ಲ ಎಂದು ಬರೆದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಆ ಬಿಲ್ಲಿನ ನಕಲು ಕೈಗೆ ಬಂದ ಮೇಲೆ ಗೆದ್ದಲಿನ ಕಥೆ ಬಂದ್ ಆಗುತ್ತದೆ. ಬಾಕಿ ರಾಯಲ್ಟಿ ವಸೂಲಿಗೆ ಮೂರು ವರ್ಷದ ಕಾಲಮಿತಿ ಇದೆ. ‘ಮುಂದಿನ ಯುಗಾದಿಗೆ ಕೊಡ್ತೀನಿ’ ಎಂಬ ಮಾತು ನಂಬಿ ನಾಲ್ಕು ಯುಗಾದಿ ಕಳೆಯಬೇಡಿ.

ದಲ್ಲಾಳಿಗಳು ಮಾರುವ ಪುಕ್ಕಟೆ ಸರಕು

ಐಎಸ್‌ಬಿಎನ್: ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಕೊಡುತ್ತದೆ, ಆನ್‌ಲೈನ್ ಅರ್ಜಿ, ಶುಲ್ಕ ಸೊನ್ನೆ. ಸಾವಿರಾರು ರೂಪಾಯಿ ತೆಗೆದುಕೊಂಡು ‘ಐಎಸ್‌ಬಿಎನ್ ಮಾಡಿಸಿಕೊಟ್ಟೆ’ ಎನ್ನುವವರನ್ನು ನೋಡಿ ಸಿಟ್ಟು ಬರುತ್ತದೆ. ಆ ಸಂಖ್ಯೆ ಪುಸ್ತಕದ ಗುರುತಷ್ಟೇ, ಹಕ್ಕಿನ ಪತ್ರ ಅಲ್ಲ.

ಕೃತಿಸ್ವಾಮ್ಯ ನೋಂದಣಿ: ಕಡ್ಡಾಯ ಅಲ್ಲ. ಬರೆದ ಕ್ಷಣವೇ ಸ್ವಾಮ್ಯ ನಿಮ್ಮದು. ನೋಂದಣಿ ಇದ್ದರೆ ನ್ಯಾಯಾಲಯದಲ್ಲಿ ಮೇಲ್ನೋಟದ ಪುರಾವೆ. ಸಾಹಿತ್ಯ ಕೃತಿಗೆ ಶುಲ್ಕ ₹500, ಅಚ್ಚಾಗದ ಹಸ್ತಪ್ರತಿಯನ್ನೂ ನೋಂದಾಯಿಸಬಹುದು, ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಅಪರಿಚಿತರಿಗೆ ಹಸ್ತಪ್ರತಿ ಕೊಡುವವರು, ಸಿನಿಮಾದವರಿಗೆ ಕಥೆ ಹೇಳುವವರು ಮಾಡಿಸಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಕಾಪಿರೈಟ್ ವಿಭಾಗ: ರಾಜ್ಯ ಕೇಂದ್ರ ಗ್ರಂಥಾಲಯದ ಈ ವಿಭಾಗಕ್ಕೆ ಪ್ರತಿ ಕೊಟ್ಟು ನೋಂದಾಯಿಸುವುದು ಗ್ರಂಥಾಲಯ ಖರೀದಿಗೆ ಬೇಕು. ಅದರ ಹೆಸರು ನೋಡಿ ಹಕ್ಕು ನೋಂದಣಿ ಆಯಿತು ಎಂದುಕೊಂಡವರು ಬಹಳ. ಎರಡಕ್ಕೂ ಸಂಬಂಧ ಇಲ್ಲ. ಖರೀದಿಗೆ ಅರ್ಜಿ ಕರೆಯುವುದು ಆಯಾ ವರ್ಷದ ಮೊದಲ ಮುದ್ರಣಕ್ಕೆ. ದಿನಾಂಕ ತಪ್ಪಿದರೆ ಆ ಪುಸ್ತಕದ ಮಟ್ಟಿಗೆ ಅವಕಾಶ ಮುಗಿದಂತೆ. ಸ್ವಂತ ಪ್ರಕಟಣೆ ಮಾಡಿದವರು ಪ್ರಕಟಣೆಗಳ ಮೇಲೆ ಕಣ್ಣಿಡಬೇಕು.

‘ಚೊಚ್ಚಲ’ ಒಂದೇ ಸಲ: ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಮಧುರಚೆನ್ನ ದತ್ತಿ ಬಹುಮಾನ ಮೊದಲ ಸ್ವತಂತ್ರ ಕೃತಿಗೆ. ಛಂದ ಪುಸ್ತಕದವರು ಹೊಸಬರ ಕಥಾ ಹಸ್ತಪ್ರತಿಗೆ ಸ್ಪರ್ಧೆ ನಡೆಸಿದ್ದಾರೆ. ಇವೆಲ್ಲಕ್ಕೂ ನೀವು ಹೊಸಬರಾಗಿರಬೇಕು. ಮದುವೆಯಲ್ಲಿ ಹಂಚಲೆಂದು ನಲವತ್ತು ಪುಟದ ಚುಟುಕು ಸಂಕಲನವನ್ನು ಅವಸರದಲ್ಲಿ ಅಚ್ಚು ಹಾಕಿಸಿದರೆ, ನಿಮ್ಮ ಒಳ್ಳೆಯ ಕಾದಂಬರಿ ಎರಡನೇ ಪುಸ್ತಕವಾಗುತ್ತದೆ. ವಯಸ್ಸು ಮತ್ತು ಷರತ್ತನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ, ಏಜೆಂಟರ ಬಾಯಿಂದ ಕೇಳಬೇಡಿ.

ದುಡ್ಡು ಕೊಟ್ಟು ಅಚ್ಚು ಹಾಕಿಸುವವರಿಗೆ

ಪೂರ್ತಿ ಖರ್ಚು ನಿಮ್ಮದಾದರೆ ಅಲ್ಲಿರುವವರು ಪ್ರಕಾಶಕರಲ್ಲ, ಮುದ್ರಕರು. ಪ್ರತಿಗಳ ಸಂಖ್ಯೆ ನಮೂದಿಸಿದ ಬಿಲ್ ಪಡೆಯಿರಿ. ಡಿಟಿಪಿ ಕಡತ, ಮುಖಪುಟದ ಕಡತ ಎರಡೂ ನಿಮ್ಮ ಪೆನ್‌ಡ್ರೈವಿಗೆ ಬರಬೇಕು. ಮುಖಪುಟ ಬರೆದ ಕಲಾವಿದರಿಂದ ಎರಡು ಸಾಲಿನ ಒಪ್ಪಿಗೆ ಪತ್ರ ಇರಲಿ. ಸಾವಿರ ಪ್ರತಿಗೆ ದುಡ್ಡು ತೆಗೆದುಕೊಂಡು ಇನ್ನೂರು ಕೊಟ್ಟು ಫೋನ್ ತೆಗೆಯದವರ ಮೇಲೆ ಗದಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅವರ ಅಂಗಡಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ಗಡುವು ಎರಡು ವರ್ಷ. ‘ಇದು ವ್ಯಾಪಾರಕ್ಕೆ ಮಾಡಿಸಿದ್ದು, ಇವರು ಗ್ರಾಹಕರಲ್ಲ’ ಎಂಬ ವಾದ ಎದುರಾಗುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಎಂಬುದನ್ನು ದೂರಿನಲ್ಲಿ ಮೊದಲೇ ಬರೆಯಿರಿ.

ನಾಟಕ ಬರೆಯುವವರಿಗೆ ಒಂದು ಕಹಿ ಮಾತು

ನಿಮ್ಮ ನಾಟಕವನ್ನು ಊರಿನ ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಗುಡಿ-ಮಠದ ಸಹಾಯಾರ್ಥ ಆಡಿದರೆ ಅದು ಉಲ್ಲಂಘನೆಯಲ್ಲ. 52ನೇ ಕಲಂ ವಿನಾಯಿತಿ ಕೊಟ್ಟಿದೆ. ನಮ್ಮ ಕಡೆಯ ಜಾತ್ರೆ ನಾಟಕ ಬಹುಪಾಲು ಇದರೊಳಗೇ ಬರುತ್ತದೆ. ಟಿಕೆಟ್ ಹಚ್ಚಿ ಆಡುವ ವೃತ್ತಿ ಕಂಪನಿಯಂತೂ ನಿಮ್ಮ ಅನುಮತಿ ಕೇಳಲೇಬೇಕು. ಹಾಗಾಗಿ ನಾಟಕಕಾರರು ಮುದ್ರಣದ ಹಕ್ಕು, ಪ್ರಯೋಗದ ಹಕ್ಕು ಬೇರೆ ಬೇರೆ ಇಟ್ಟುಕೊಳ್ಳಬೇಕು. ಒಂದೇ ಬಾಂಡಿನಲ್ಲಿ ಎರಡನ್ನೂ ಕೊಟ್ಟರೆ ಕಂಪನಿಯ ದುಡ್ಡು ಅಚ್ಚು ಹಾಕಿದವರಿಗೆ ಹೋಗುತ್ತದೆ.

ಪಿಡಿಎಫ್ ಹರಿದಾಡಿದರೆ

ಲಿಂಕ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಡತ ಇಟ್ಟುಕೊಂಡ ತಾಣಕ್ಕೆ ಲಿಖಿತ ದೂರು ಕೊಡಿ. 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ 36 ಗಂಟೆಯೊಳಗೆ ತಡೆಯಬೇಕು. ಆದರೆ 21 ದಿನದೊಳಗೆ ನ್ಯಾಯಾಲಯದ ಆದೇಶ ತಂದುಕೊಡದಿದ್ದರೆ ಅವರು ಮತ್ತೆ ತೆರೆಯಬಹುದು. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ’ ಎಂದು ಎಬ್ಬಿಸಿ ಕಳಿಸುವುದು ರೂಢಿ. ಅದು ತಪ್ಪು. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಅಪರಾಧಕ್ಕೆ ಪೊಲೀಸರೇ ಪ್ರಕರಣ ದಾಖಲಿಸಬಹುದು ಎಂದು 2022ರ ಮೇ 20ರಂದು ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪಿನ ಪ್ರತಿ ಕೈಯಲ್ಲಿರಲಿ. ಆಗಲೂ ಬರೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಿ.

ಕೋರ್ಟು ಎಂದರೆ ಬೆಂಗಳೂರು ಎಂಬ ಭಯ ಬೇಡ. ಉಲ್ಲಂಘನೆಯ ದಾವೆಯನ್ನು ಬರೆದವರು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು. ಶಿರಹಟ್ಟಿಯವರಿಗೆ ಗದಗ ಸಾಕು. ಎಚ್ಚರಿಕೆ ಎರಡು. ಬರೀ ರಾಯಲ್ಟಿ ಬಾಕಿಯ ದಾವೆಗೆ ಈ ಅನುಕೂಲ ಸಿಗುವುದು ಖಾತ್ರಿಯಿಲ್ಲ. ಕರಾರಿನಲ್ಲಿ ‘ಬೆಂಗಳೂರು ವ್ಯಾಪ್ತಿ ಮಾತ್ರ’ ಎಂದಿದ್ದರೆ ಸಹಿಗೆ ಮೊದಲೇ ತೆಗೆಸಿ. ಮೊತ್ತ ₹3 ಲಕ್ಷ ಮುಟ್ಟಿದರೆ ವಾಣಿಜ್ಯ ನ್ಯಾಯಾಲಯದ ದಾರಿ. ತುರ್ತು ಪರಿಹಾರ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆ ಮುಗಿಸಬೇಕು. ಸಣ್ಣ ಮೊತ್ತಕ್ಕೆ ಇದೆಲ್ಲ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೆ ದಾವೆಗೆ ಮೊದಲೇ ಇಬ್ಬರನ್ನೂ ಕರೆಸಿ ರಾಜಿಗೆ ಕೂರಿಸುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ತೆರಿಗೆ, ನೌಕರಿ, ಉಯಿಲು

ಒಬ್ಬ ಪ್ರಕಾಶಕರಿಂದ ವರ್ಷಕ್ಕೆ ₹50,000 ದಾಟಿದ ರಾಯಲ್ಟಿಗೆ ಶೇ 10 ಟಿಡಿಎಸ್ ಕಡಿತ ಇದೆ. ಕಡಿದದ್ದನ್ನು ಕಟ್ಟಿದ್ದಾರೋ ಇಲ್ಲವೋ ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿಕೊಳ್ಳಿ. ಸಾಹಿತ್ಯ ಕೃತಿಯ ರಾಯಲ್ಟಿಗೆ ಮೂರು ಲಕ್ಷದವರೆಗೆ ವಿನಾಯಿತಿ ಇದೆ, ಆದರೆ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಗೈಡು, ಪಠ್ಯಪುಸ್ತಕಕ್ಕೆ ಇಲ್ಲ. ಸರ್ಕಾರಿ ನೌಕರರು ಪ್ರಕಟಣೆಗೆ ಮೊದಲು ಮೇಲಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಕ್ಷೇಮ. ಹೊಟ್ಟೆಕಿಚ್ಚಿನ ಸಹೋದ್ಯೋಗಿ ಪ್ರತಿ ಕಚೇರಿಯಲ್ಲೂ ಇರುತ್ತಾರೆ.

ಉಯಿಲಿನಲ್ಲಿ ಹೊಲ, ಮನೆಯ ಜೊತೆ ಪುಸ್ತಕದ ಹಕ್ಕನ್ನೂ ಹೆಸರಿಸಿ ಬರೆಯಿರಿ. ಶಿವರಾಮ ಕಾರಂತರು 1994ರಲ್ಲೇ ಉಯಿಲು ಮಾಡಿದ್ದರು. ಆದರೂ ಅವರ ಯಕ್ಷಗಾನ ಬ್ಯಾಲೆಗಳ ಹಕ್ಕು ಯಾರದೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಉಯಿಲು ಇದ್ದೇ ಅಷ್ಟಾದರೆ ಇಲ್ಲದವರ ಪಾಡು ಊಹಿಸಿ.

ಇಷ್ಟು ಓದಿ ತಲೆ ಚಿಟ್ಟು ಹಿಡಿದಿದ್ದರೆ ಒಂದು ಕೆಲಸ ಮಾತ್ರ ನೆನಪಿಡಿ. ಪತ್ರ ಮುಂದೆ ಬಂದಾಗ ‘ಸರ್ವ ಹಕ್ಕು’, ‘ಶಾಶ್ವತ’ ಎಲ್ಲಿದೆ ಹುಡುಕಿ, ಅಡ್ಡ ಗೆರೆ ಎಳೆಯಿರಿ, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿ, ಒಂದು ಮೂಲ ಪ್ರತಿ ಮನೆಗೆ ತನ್ನಿ. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. “ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?” ಎಂದು ಮುಖ ಸಿಂಡರಿಸುವವರಿದ್ದರೆ ಹಸ್ತಪ್ರತಿ ಎತ್ತಿಕೊಂಡು ಹೊರಗೆ ಬನ್ನಿ. ಅಚ್ಚಾಗದ ಪುಸ್ತಕಕ್ಕೆ ನಾಳೆ ಬೇರೆ ಪ್ರಕಾಶಕರು ಸಿಗುತ್ತಾರೆ. ಬರೆದುಕೊಟ್ಟ ಪುಸ್ತಕವನ್ನು ಬಿಡಿಸಿಕೊಳ್ಳಲು ನನ್ನಂಥ ವಕೀಲರಿಗೆ ಕೊಡುವ ಫೀಸು ಅದರ ಮೂರು ಮುದ್ರಣದ ರಾಯಲ್ಟಿಗಿಂತ ಹೆಚ್ಚಾಗುತ್ತದೆ.